ಓಡಿದರೆ ಮನೆ, ನಿಂತರೆ ಗುಜರಿ

ಗಾಲಿಯ ಮೇಲೆ ಮನೆ ಎಂದ ಕೂಡಲೇ ಇಂದಿನ ಹುಡುಗರ ಕಣ್ಣಮುಂದೆ ಮೊಬೈಲಿನಲ್ಲಿ ಕಂಡ ಕ್ಯಾರವಾನ್ ಬರುತ್ತದೆ. ಒಳಗೆ ಮಂಚ, ಗ್ಯಾಸ್ ಒಲೆ, ಕೈ ತೊಳೆಯಲು ನಲ್ಲಿ, ಮೇಲೆ ಸೋಲಾರ್ ಹಲಗೆ. ಇದು ಹೊರದೇಶದ ಶೋಕಿ ಎಂದು ನಮ್ಮ ಹಿರಿಯರು ನಗಬಹುದು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯವರಿಗೆ ಗಾಲಿಯ ಮೇಲೆ ಸಂಸಾರ ಹೂಡುವುದು ಹೊಸ ಸಂಗತಿಯೇನಲ್ಲ. ಹುಲಿಗೆಮ್ಮನ ಜಾತ್ರೆಗೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಕೊಲ್ಲಾರಿ ಬಂಡಿ ಮತ್ತೇನು? ಮೇಲೆ ಬಿದಿರಿನ ಕಮಾನು, ಅದರ ಮೇಲೆ ತಟ್ಟಿ, ಒಳಗೆ ಮೆತ್ತನೆಯ ಹುಲ್ಲು, ಹುಲ್ಲಿನ ಮೇಲೆ ಕೌದಿ. ಒಂದು ಮೂಲೆಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ರಾತ್ರಿ ಎತ್ತು ಬಿಚ್ಚಿದಲ್ಲೇ ಊರು, ಮೂರು ಕಲ್ಲು ಇಟ್ಟಲ್ಲೇ ಅಡುಗೆಮನೆ. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ತಟ್ಟಿಯ ಜಾಗಕ್ಕೆ ತಾಡಪತ್ರಿ ಬಂದಿದೆ. ಕೂಡಿ ಹೋಗುವುದು, ದಾರಿಯಲ್ಲೇ ಉಂಡು ಮಲಗುವುದು ಹಾಗೇ ಇದೆ.

ಹಳೆಯ ಟೆಂಪೊ ಟ್ರಾವೆಲರನ್ನೋ ಮಿನಿ ಬಸ್ಸನ್ನೋ ಕೊಂಡು ಅದನ್ನು ಮನೆ ಮಾಡಿಕೊಳ್ಳಬೇಕು, ಹಂಪಿ, ಆನೆಗುಂದಿ, ಬಾದಾಮಿ, ಗೋಕರ್ಣ ಸುತ್ತಬೇಕು ಎಂಬ ಆಸೆ ಈಗ ನಮ್ಮ ಊರುಗಳಿಗೂ ಬಂದಿದೆ. ಆಸೆ ಒಳ್ಳೆಯದೇ. ಅಂಥ ಹಳೆಯ ಗಾಡಿಯನ್ನು ಸುಧಾರಿಸಿ ಉಳಿಸಿಕೊಳ್ಳುವುದು ಹೇಗೆ ಎಂಬುದೇ ಇಂದಿನ ಮಾತು. ಮೊದಲಿಗೇ ಒಂದು ವಿಷಯ ಹೇಳಿಬಿಡುತ್ತೇನೆ. ಗಾಲಿಯ ಮೇಲಿನ ಮನೆ ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ಇದು ಬಂಡಿಗೂ ನಿಜ, ತೇರಿಗೂ ನಿಜ, ಮೋಟಾರಿಗೂ ನಿಜ.

ಬಂಡಿಯಿಂದಲೇ ಶುರು ಮಾಡೋಣ. ಮರದ ಗಾಲಿಯೊಂದು ಅನೇಕ ತುಂಡುಗಳ ಕೂಟ. ನಡುವೆ ಗುಂಬ, ಗುಂಬದಿಂದ ಹೊರಟ ಅರೆಕಾಲುಗಳು, ಅವುಗಳ ತುದಿಗೆ ಸುತ್ತುಮರದ ತುಂಡುಗಳು. ಇಷ್ಟನ್ನೂ ಬಿಗಿಯಾಗಿ ಹಿಡಿಯುವುದು ಹೊರಗಿನ ಕಬ್ಬಿಣದ ಹಳಿ. ಹಳಿಯನ್ನು ಗಾಲಿಯ ಸುತ್ತಳತೆಗಿಂತ ಕೊಂಚ ಚಿಕ್ಕದಾಗಿಯೇ ಮಾಡುತ್ತಾರೆ. ಅದನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಬ್ಬಿಣ ನೂರು ಡಿಗ್ರಿ ಕಾದರೆ ಮೀಟರಿಗೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಐದು ಅಡಿ ಅಡ್ಡಳತೆಯ ಗಾಲಿಯ ಹಳಿಗೆ ನಾನೂರು ಡಿಗ್ರಿ ಕಾವು ಸಿಕ್ಕರೆ ಅದರ ಸುತ್ತಳತೆ ಎರಡು ಸೆಂಟಿಮೀಟರಿಗೂ ಮೀರಿ ಬೆಳೆಯುತ್ತದೆ. ಆ ಗಳಿಗೆಯಲ್ಲಿ ಗಾಲಿಯ ಮೇಲೆ ಕೂರಿಸಿ ನೀರು ಸುರಿದರೆ ಹಳಿ ಕುಗ್ಗಿ, ಮರವನ್ನೆಲ್ಲ ಒಳಕ್ಕೆ ಒತ್ತಿ ಹಿಡಿಯುತ್ತದೆ. ಮೊಳೆಗಿಂತ ಆ ಹಿಡಿತವೇ ಗಾಲಿಯ ಜೀವ.

ಬಂಡಿ ಬೇಸಿಗೆಯಲ್ಲಿ ಬಯಲಲ್ಲಿ ನಿಂತರೆ ಮರ ಒಣಗುತ್ತದೆ, ಸಣ್ಣಗಾಗುತ್ತದೆ. ಹಳಿ ಮಾತ್ರ ಇದ್ದಷ್ಟೇ ಇರುತ್ತದೆ. ನಡುವೆ ಸಂದು ಬೀಳುತ್ತದೆ. ಆಮೇಲೆ ಬಂಡಿ ಹೂಡಿದರೆ ಅರೆಕಾಲು ಕಿರುಗುಟ್ಟುತ್ತದೆ, ಹಳಿ ಜಾರುತ್ತದೆ. ಅದಕ್ಕೇ ರೈತರು ಗಾಲಿಗಳನ್ನು ಹಳ್ಳದಲ್ಲೋ ಕೆರೆಯಲ್ಲೋ ನೆನೆಹಾಕುತ್ತಿದ್ದರು. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ಕೀಲೆಣ್ಣೆಯನ್ನು ಅಚ್ಚಿಗೆ ಹಚ್ಚುತ್ತಿದ್ದರು. ಊರು ಬಿಡುವ ಮೊದಲು ಕಡಾಣಿ ಮುಟ್ಟಿ ನೋಡುತ್ತಿದ್ದರು. ನಮ್ಮ ಜಾತ್ರೆಯ ತೇರುಗಳದೂ ಇದೇ ಲೆಕ್ಕ. ವರ್ಷದಲ್ಲಿ ಒಂದೆರಡು ದಿನ ಎಳೆದು, ಉಳಿದಷ್ಟೂ ದಿನ ನಿಲ್ಲಿಸುವ ಗಾಡಿ ಅದು. ಬನದ ಹುಣ್ಣಿಮೆಯ ಬೆನ್ನಿಗೆ ಕೊಪ್ಪಳದ ಗವಿಮಠದ ತೇರು ಎಳೆಯುವಾಗ ನೆರೆಯುವ ಲಕ್ಷಾಂತರ ಜನರನ್ನು ನೆನೆಸಿಕೊಂಡರೆ, ಗಾಲಿ, ಅಚ್ಚುಗಳನ್ನು ಮೊದಲೇ ನೋಡಿಕೊಳ್ಳುವುದು ಯಾಕೆ ಮುಖ್ಯ ಎಂಬುದು ತಿಳಿಯುತ್ತದೆ.

ಇನ್ನು ಮೋಟಾರಿಗೆ ಬರೋಣ. ಹಳೆಯ ಗಾಡಿ ಕೊಳ್ಳಲು ಹೋದವರು ಮೊದಲು ಸೀಟು ನೋಡುತ್ತಾರೆ, ಬಣ್ಣ ನೋಡುತ್ತಾರೆ, ಇಂಜಿನ್ ಸದ್ದು ಕೇಳುತ್ತಾರೆ. ನಾನು ಹೇಳುವುದು, ಮೊದಲು ಗಾಡಿಯ ಕೆಳಗೆ ಮಲಗಿ ನೋಡಿ ಎಂದು. ಇಂಜಿನ್ ಕೆಟ್ಟರೆ ಬಿಚ್ಚಿ ಕಟ್ಟುವ ಮೇಸ್ತ್ರಿಗಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಚಾಸಿ ತುಕ್ಕು ಹಿಡಿದು ತಿಂದುಹೋಗಿದ್ದರೆ ಅದಕ್ಕೆ ಸುಲಭದ ಔಷಧವಿಲ್ಲ. ನಮ್ಮ ಎರೆ ಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಗಂಗಾವತಿಯ ಕಾಲುವೆ ಬಯಲಿನ ಕೆಸರು ಗಾಲಿಯ ಮೇಲಿನ ಕಮಾನಿಗೆ, ಚಾಸಿಯ ಸಂದಿಗೆ ಮೆತ್ತಿಕೊಂಡರೆ, ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಅಲ್ಲಿಂದಲೇ ತುಕ್ಕು ಶುರು. ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡುತ್ತದೆ. ಹೊಸದಾಗಿ ದಪ್ಪ ಕರಿ ಬಣ್ಣ ಬಳಿದ ಚಾಸಿ ಕಂಡರೆ ಇನ್ನೂ ಒಂದು ಸಲ ಬಡಿದು ನೋಡಿ.

ಎರಡನೆಯದು ಛಾವಣಿ. ಕುಷ್ಟಗಿ, ಯಲಬುರ್ಗಾದ ಬಿಸಿಲು ಚಿಕ್ಕದಲ್ಲ. ಕಿಟಕಿಯ ಸುತ್ತಲಿನ ರಬ್ಬರು, ತಗಡಿನ ಜೋಡಣೆಗೆ ಹಾಕಿದ ಅಂಟು ಆ ಬಿಸಿಲಿಗೆ ಗಟ್ಟಿಯಾಗಿ ಬಿರಿಯುತ್ತವೆ. ಮಳೆ ಬಂದಾಗ ನೀರು ಆ ಕೂದಲೆಳೆಯ ಬಿರುಕಿನಲ್ಲಿ ಒಳಗಿಳಿಯುತ್ತದೆ. ಒಂದು ಕಡೆ ಒಳಹೊಕ್ಕ ನೀರು ತಗಡಿನ ಬೆನ್ನಿಗೆ ಹರಿದು ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಆದ್ದರಿಂದ ಕಲೆ ಕಂಡಲ್ಲೇ ತೂತು ಇದೆ ಎಂದು ತಿಳಿಯಬೇಡಿ. ಒಬ್ಬರು ಒಳಗೆ ಬ್ಯಾಟರಿ ಹಿಡಿದು ಕೂರಲಿ, ಇನ್ನೊಬ್ಬರು ಹೊರಗೆ ಪೈಪಿನಿಂದ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಿ. ಎಲ್ಲಿಗೆ ಬಂದಾಗ ಒಳಗೆ ಹನಿ ಕಂಡಿತೋ ಅಲ್ಲೇ ತೂತು. ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆದು, ಒರೆಸಿ ಒಣಗಿಸಿ ಹೊಸದು ಹಾಕಬೇಕು. ಹಳೆಯದರ ಮೇಲೆ ಬಳಿದ ಅಂಟು ಬಹಳ ದಿನ ಬಾಳುವುದಿಲ್ಲ. ಸಿಲಿಕೋನ್ ಅಂಟಿನ ಮೇಲೆ ಬಣ್ಣ ಕೂರುವುದಿಲ್ಲ, ಗಾಡಿಯ ತಗಡಿಗೆ ಪಾಲಿಯುರೆಥೇನ್ ಅಂಟು ವಾಸಿ. ಸೋರಿಕೆ ನಿಲ್ಲುವವರೆಗೆ ಒಳಗೆ ಒಂದು ಹಲಗೆಯನ್ನೂ ಹೊಡೆಯಬೇಡಿ. ಪ್ಲೈವುಡ್ ಒಳಗೊಳಗೇ ಕೊಳೆತು, ವರ್ಷದೊಳಗೆ ಮಾಡಿದ ಕೆಲಸವನ್ನೆಲ್ಲ ಕಿತ್ತು ಹಾಕಬೇಕಾಗುತ್ತದೆ.

ಮೂರನೆಯದು ಟೈರು. ನಿಂತ ಗಾಡಿ ಮೋಸ ಮಾಡುವುದು ಇಲ್ಲೇ. ಓಡದ ಗಾಡಿಯ ಟೈರಿನ ಗೀರುಗಳು ಹೊಸದರಂತೆ ಆಳವಾಗಿರುತ್ತವೆ, ಆದರೆ ರಬ್ಬರಿಗೆ ವಯಸ್ಸಾಗಿರುತ್ತದೆ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ನೇ ವರ್ಷದ 23ನೇ ವಾರ ತಯಾರಾದದ್ದು ಎಂದರ್ಥ. ಐದಾರು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ತಿಳಿದವರಿಗೆ ತೋರಿಸಬೇಕು. ಹತ್ತು ವರ್ಷ ಆಗಿದ್ದರೆ ಗೀರು ಎಷ್ಟೇ ಚೆನ್ನಾಗಿರಲಿ, ತೆಗೆದುಬಿಡಿ. ಬೇಸಿಗೆಯ ನಡುಹಗಲು ಹೊಸಪೇಟೆ ಹೆದ್ದಾರಿಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವಾಗ ಹಳೆಯ ಟೈರು ಸಿಡಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ಬ್ರೇಕಿನದೂ ಇದೇ ಕಥೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಎಣ್ಣೆ ಇಳಿಜಾರಿನಲ್ಲಿ ಕಾದಾಗ ಒಳಗೆ ಆವಿಯಾಗುತ್ತದೆ, ಪೆಡಲು ಸರ್ರನೆ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆ ಎಣ್ಣೆ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಒಳಗೇ ಕಚ್ಚಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿಗೆ ಹಾಕಿ, ಗಾಲಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು ನಿಲ್ಲಿಸಿ.

ಈಗ ಮನೆಯ ಭಾಗ. ವಿದ್ಯುತ್ತಿಗೆ ಗಾಡಿಯ ಬ್ಯಾಟರಿಯನ್ನೇ ನೆಚ್ಚಿದರೆ ಬೆಳಿಗ್ಗೆ ಗಾಡಿ ಚಾಲೂ ಆಗದು. ಮನೆಗೆ ಬೇರೆ ಬ್ಯಾಟರಿ ಬೇಕು. ಲೆಕ್ಕ ಸರಳ. ಹನ್ನೆರಡು ವೋಲ್ಟಿನ ಸಣ್ಣ ಫ್ಯಾನು 2 ಆಂಪಿಯರ್‌ನಂತೆ ಎಂಟು ಗಂಟೆಗೆ 16 ಆಂಪಿಯರ್ ಅವರ್ ತಿನ್ನುತ್ತದೆ. ಎರಡು ಎಲ್‌ಇಡಿ ದೀಪ, ಮೊಬೈಲ್ ಎಲ್ಲ ಸೇರಿ ಇನ್ನೊಂದು ಎಂಟು ಎನ್ನಿ. ರಾತ್ರಿಗೆ 24. ನೂರು ಆಂಪಿಯರ್ ಅವರ್‌ನ ಮಾಮೂಲಿ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬೇಕು, ಅದಕ್ಕಿಂತ ಇಳಿಸಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ಹಾಗಾದರೆ ಎರಡು ರಾತ್ರಿಗೆ ಸಾಕು. ನಮ್ಮ ಬಿಸಿಲಿನಲ್ಲಿ ನೂರು ವ್ಯಾಟಿನ ಸೋಲಾರ್ ಹಲಗೆ ಒಂದು ಒಳ್ಳೆಯ ಹಗಲಿಗೆ ಸುಮಾರು 30 ತುಂಬಿಕೊಡುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಬಳಸದೆ ಬಿಟ್ಟ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ಅಳೆದಾಗ 12.6 ವೋಲ್ಟ್ ಇದ್ದರೆ ತುಂಬಿದೆ, 12ಕ್ಕೆ ಬಂದರೆ ಬರಿದಾಗುತ್ತಿದೆ. ಬರಿದಾಗಿ ವಾರಗಟ್ಟಲೆ ಕೂತದ್ದು ಮತ್ತೆ ಮೊದಲಿನಂತೆ ಆಗುವುದಿಲ್ಲ.

ಗ್ಯಾಸಿನ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ನಿಲ್ಲುತ್ತದೆ. ನೀವು ಮಲಗುವುದೂ ಅಲ್ಲಿಯೇ. ಸಿಲಿಂಡರಿಗೆ ಒಳಗಿನಿಂದ ಪೂರ್ತಿ ಮುಚ್ಚಿದ, ತಳದಲ್ಲಿ ಹೊರಕ್ಕೆ ತೂತು ಬಿಟ್ಟ ಬೇರೆ ಗೂಡು ಮಾಡಿಸಿ. ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್ ಇರಲಿ. ಚಳಿ ಎಂದು ಕಿಟಕಿ ಮುಚ್ಚಿ ಒಳಗೆ ಇದ್ದಿಲ ಒಲೆ ಇಡುವುದಂತೂ ಸಾವನ್ನು ಕರೆದಂತೆ. ಅದರಿಂದ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮನೆ ಕಟ್ಟುತ್ತಾ ಹೋದಂತೆ ತೂಕ ಏರುವುದು ಗೊತ್ತೇ ಆಗುವುದಿಲ್ಲ. ನೂರು ಲೀಟರ್ ನೀರೆಂದರೆ ನೂರು ಕೆಜಿ. ಅದನ್ನು ಹಿಂಬದಿಯ ತುದಿಯಲ್ಲೋ ಛಾವಣಿಯಲ್ಲೋ ಇಟ್ಟರೆ ತಿರುವಿನಲ್ಲಿ ಗಾಡಿ ತೂಗಾಡುತ್ತದೆ. ನೀರು, ಬ್ಯಾಟರಿ, ಸಿಲಿಂಡರ್ ಎಲ್ಲ ಕೆಳಗೆ, ಎರಡು ಅಚ್ಚುಗಳ ನಡುವೆ ಇರಬೇಕು. ನಮ್ಮಲ್ಲಿ ಒಂದು ಅನುಕೂಲವಿದೆ. ಗಂಗಾವತಿ, ಕಾರಟಗಿ ಕಡೆ ಅಕ್ಕಿ ಗಿರಣಿಗಳು ಬಹಳ, ಲಾರಿ ತೂಗುವ ಕಾಟಾಗಳೂ ಬಹಳ. ನೀರು ತುಂಬಿಸಿ, ಸಾಮಾನು ಹೇರಿ, ಮನೆಮಂದಿಯನ್ನು ಕೂರಿಸಿ ಒಮ್ಮೆ ತೂಗಿಸಿ. ಆರ್‌ಸಿ ಪುಸ್ತಕದಲ್ಲಿ ಬರೆದ ಒಟ್ಟು ತೂಕವನ್ನು ದಾಟಿದ್ದರೆ ಮಂಚವನ್ನಾದರೂ ಇಳಿಸಬೇಕು, ಅತ್ತೆಯವರ ಟ್ರಂಕನ್ನಾದರೂ ಇಳಿಸಬೇಕು.

ಕಾಗದಪತ್ರದ ಮಾತನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮಾಡಿಕೊಟ್ಟ ಗಾಡಿಯ ರೂಪವನ್ನು ನಮ್ಮ ಇಷ್ಟದಂತೆ ಬದಲಿಸುವಂತಿಲ್ಲ. ಕ್ಯಾರವಾನಿಗೆ ಎಐಎಸ್ 124 ಎಂಬ ಮಾನದಂಡವೇ ಇದೆ. ಸ್ವಂತ ಬಳಕೆಯ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕು. ಸೀಟು ಕಿತ್ತು ಮಂಚ ಹಾಕುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಒಪ್ಪಿಗೆ ಇಲ್ಲದೆ ಬದಲಿಸಿದ ಗಾಡಿಗೆ ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಹೊರಗಿನ ಆಕಾರ ಮುಟ್ಟದೆ, ಬೇಕಾದಾಗ ಬಿಚ್ಚಿ ಇಡುವಂಥ ಹಾಸಿಗೆ, ಪೆಟ್ಟಿಗೆಗಳಲ್ಲೇ ಸಂಸಾರ ತೂಗಿಸುವುದು ಜಾಣತನ.

ಗಾಡಿ ಸಿದ್ಧವಾಯಿತು, ಮೊದಲ ಪ್ರವಾಸವೂ ಆಯಿತು ಎನ್ನಿ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಕೂತ ಗಾಡಿಯೂ ಹಾಗೇ ಹೊನ್ನು ತಿನ್ನುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವ ಹನಿಗಟ್ಟಿ ಡೀಸೆಲಿಗೆ ನೀರು ಸೇರುತ್ತದೆ. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯ ಇಲಿಗಳು ಬೆಚ್ಚನೆಯ ಜಾಗ ಹುಡುಕಿ ಬಂದು ವೈರು ಕಡಿಯುತ್ತವೆ. ಟ್ಯಾಂಕು ತುಂಬಿಸಿ ನಿಲ್ಲಿಸಿ, ತಳದ ತೂತುಗಳಿಗೆ ತಂತಿಯ ಜಾಳಿಗೆ ಹೊಡೆಯಿರಿ, ಒಳಗೆ ಒಂದು ತುಣುಕು ರೊಟ್ಟಿಯನ್ನೂ ಬಿಡಬೇಡಿ. ಅಂಗಳದಲ್ಲೇ ಹತ್ತು ನಿಮಿಷ ಇಂಜಿನ್ ಚಾಲೂ ಮಾಡಿ ಬಂದ್ ಮಾಡಿದರೆ ಸಾಲದು. ಇಂಜಿನ್ ಪೂರ್ತಿ ಕಾಯದಿದ್ದರೆ ಹುಟ್ಟಿದ ತೇವ ಎಣ್ಣೆಯಲ್ಲೂ ಸೈಲೆನ್ಸರಿನಲ್ಲೂ ಉಳಿದು ಕೆಡುಕು ಮಾಡುತ್ತದೆ. ತಿಂಗಳಿಗೆ ಒಮ್ಮೆಯಾದರೂ ಕೊಪ್ಪಳದವರು ಹುಲಿಗಿಯವರೆಗೆ, ಗಂಗಾವತಿಯವರು ಕನಕಗಿರಿಯವರೆಗೆ, ಕುಷ್ಟಗಿಯವರು ತಾವರಗೇರಾವರೆಗೆ, ಯಲಬುರ್ಗಾದವರು ಕುಕನೂರಿನವರೆಗೆ ಹೋಗಿಬನ್ನಿ. ಇಂಜಿನ್ ಕಾಯುತ್ತದೆ, ಬ್ಯಾಟರಿ ತುಂಬುತ್ತದೆ, ಬ್ರೇಕ್ ಸಡಿಲಾಗುತ್ತದೆ, ಟೈರಿನ ಒಂದೇ ಮಗ್ಗುಲಿಗೆ ಭಾರ ಬೀಳುವುದು ತಪ್ಪುತ್ತದೆ.

ವರ್ಷದ ದೊಡ್ಡ ಕೆಲಸಕ್ಕೆ ನಮ್ಮ ಮಳೆ, ಬೆಳೆಯ ಲೆಕ್ಕವೇ ಸಾಕು. ರೋಹಿಣಿ ಮಳೆಗೆ ಮುಂಚೆ ಛಾವಣಿ, ಕಿಟಕಿ, ವೈಪರ್ ನೋಡಿ. ಮಳೆಗಾಲ ಮುಗಿದು ದೀಪಾವಳಿ ಬರುವ ಹೊತ್ತಿಗೆ ತಳ ತೊಳೆದು, ತುಕ್ಕು ಕಂಡಲ್ಲಿ ಉಜ್ಜಿ ಬಣ್ಣ ಹಚ್ಚಿ. ಗವಿಮಠದ ಜಾತ್ರೆಗೆ ಮೊದಲು ಬ್ರೇಕು, ಟೈರು, ಗ್ಯಾಸ್ ಪೈಪು ಪರೀಕ್ಷಿಸಿ. ಹಣವನ್ನೂ ಒಂದು ಸಾಲು ಹಿಡಿದು ಹಾಕಿ. ಮೊದಲು ನಿಲ್ಲಿಸುವ ಬ್ರೇಕಿಗೆ, ಆಮೇಲೆ ಸೋರದ ಛಾವಣಿಗೆ, ಪರದೆ ಮತ್ತು ಬಣ್ಣದ ದೀಪಕ್ಕೆ ಕಟ್ಟಕಡೆಗೆ.

ಹೀಗಾಗಿ ಹಳೆಯ ಗಾಡಿಯ ಬೆಲೆ ಕೇಳುವ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ತಿಂಗಳಿಗೊಂದು ದಿನ ಇದಕ್ಕಾಗಿ ತೆಗೆದಿಡುತ್ತೇನೆಯೇ? ಹೌದು ಎನ್ನುವುದಾದರೆ ಧೈರ್ಯವಾಗಿ ಕೊಳ್ಳಿ, ಹದಿನೈದು ವರ್ಷದ ಗಾಡಿಯೂ ಮಕ್ಕಳ ಕಾಲದವರೆಗೆ ಬಾಳೀತು. ವರ್ಷಕ್ಕೊಮ್ಮೆ ಜಾತ್ರೆಗೋ ಮದುವೆಗೋ ಅಷ್ಟೇ ಎನ್ನುವುದಾದರೆ, ಆ ನಾಲ್ಕು ದಿನಕ್ಕೆ ಬಾಡಿಗೆ ಗಾಡಿ ಮಾಡಿಕೊಂಡು ಹೋಗಿಬನ್ನಿ. ಖರ್ಚೂ ಕಡಿಮೆ, ಹಿತ್ತಲಿನಲ್ಲಿ ಗುಜರಿಯೂ ಬೀಳುವುದಿಲ್ಲ.