ಕೆಲಸ ಹೋದ ದಿನಾನೇ ದಿನ ಎಣಿಸಾಕ ಶುರು ಮಾಡ್ರಿ

(ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ಲ ಭಾಗದ ಮಹಿಳಾ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣ)



ಸಂಘದಲ್ಲಿ ನಾವು ಉಳಿತಾಯ, ಸಾಲ, ಕಂತು, ಬಡ್ಡಿ ಇವುಗಳ ಬಗ್ಗೆ ಪ್ರತಿ ವಾರ ಮಾತಾಡುತ್ತೇವೆ. ಇವತ್ತು ಆ ಕಂತು ಕಟ್ಟುವ ಪಗಾರದ ಬಗ್ಗೆ, ಅಂದರೆ ನಮ್ಮ ಕೆಲಸದ ಬಗ್ಗೆ ಮಾತಾಡೋಣ.

ನಮ್ಮಲ್ಲಿ ಕೆಲವರು ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗೆ ಹೋಗ್ತಾರ. ಕೆಲವರು ಮಗ್ಗದ ಕೆಲಸ ಮಾಡ್ತಾರ. ಬಾದಾಮಿ ಕಡೆಯವರು ಪ್ರವಾಸಿಗರು ಬರುವ ಹೋಟೆಲು, ವಸತಿಗೃಹಗಳಲ್ಲಿ ದುಡಿತಾರ. ಬಾಗಲಕೋಟೆಯಲ್ಲಿ ಅಂಗಡಿ, ಆಸ್ಪತ್ರೆ, ಕಚೇರಿಗಳಲ್ಲಿ ಗುತ್ತಿಗೆ ಮೇಲೆ ಸ್ವಚ್ಛತಾ ಕೆಲಸ ಮಾಡೋರು ಇದ್ದಾರ. ಇಂಥ ಕಡೆ ಒಂದು ಮಾತು ಎಲ್ಲರೂ ಕೇಳಿರ್ತೀವಿ: “ನಾಳಿಂದ ಬರಬ್ಯಾಡ.” ಕಾಗದ ಇಲ್ಲ, ನೋಟಿಸು ಇಲ್ಲ, ಕಾರಣಾನೂ ಇಲ್ಲ.

ಆಮೇಲೆ ಏನಾಗುತ್ತದೆ? ಒಬ್ಬ ತಾಯಿ ಹೀಗಿದ್ದಾಳೆ ಅಂತ ತಿಳ್ಕೊಳ್ರಿ. ಆರು ವರ್ಷ ಒಂದೇ ಕಡೆ ದುಡಿದಿದ್ದಾಳೆ. ಒಂದು ದಿನ ಬಿಡಿಸಿದರು. ಮುಂದಿನ ಸೋಮವಾರ ಹೋಗಿ ಕೇಳಿದಳು, “ಸ್ವಲ್ಪ ದಿನ ತಡಿಯವ್ವ, ಕರೀತೀವಿ” ಅಂದರು. ಹಬ್ಬ ಆದ ಮೇಲೆ ಹೋದಳು, “ಮಾಲಕರು ಊರಾಗ ಇಲ್ಲ” ಅಂದರು. ಮಗಳ ಮದುವೆ ಬಂತು, ಮನೆಯವರಿಗೆ ಆರಾಮ ಇರಲಿಲ್ಲ, ಹಾಗೇ ಎರಡೂವರೆ ವರ್ಷ ಹೋಯಿತು. ಕಡೀಕ ವಕೀಲರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಯಾವ ತಾರೀಖಿಗೆ ಬಿಡಿಸಿದರು?” ಅನ್ಯಾಯ ಆಗಿದ್ದು ಖರೆ, ಆದರೆ ಬಾಗಿಲು ಮುಚ್ಚಿತ್ತು.

ತಾಯಂದಿರೇ, ಸಂಘದ ಕಂತು ಒಂದು ವಾರ ತಪ್ಪಿದರೆ ದಂಡ ಕಟ್ಟಿ ಮುಂದುವರಿಯಬಹುದು. ಇಲ್ಲಿ ಹಾಗಲ್ಲ. ಆದ್ದರಿಂದ ಕಾನೂನು ಎಷ್ಟು ದಿನ ಕೊಟ್ಟಿದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ಗಡುವು ಎಷ್ಟು?

ಬಹಳ ವರ್ಷ ನಮಗೆ 1947ರ ಕೈಗಾರಿಕಾ ವಿವಾದ ಕಾಯ್ದೆ ಇತ್ತು. ಕೆಲಸದಿಂದ ತೆಗೆದ ಒಬ್ಬ ಕಾರ್ಮಿಕ ತಾನೇ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು ಅಂತ ಕರ್ನಾಟಕ ಸರ್ಕಾರ 1988ರಲ್ಲಿ ತಿದ್ದುಪಡಿ ತಂದಿತು. ಆಗ ಗಡುವು ಆರು ತಿಂಗಳು. 2010ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಇಂಥದೇ ಅವಕಾಶ ಕೊಟ್ಟು ಮೂರು ವರ್ಷ ಅಂತ ಮಾಡಿತು. ಈಗ ಆ ಕಾಯ್ದೆಯ ಜಾಗದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಇದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಇದರಲ್ಲಿ ಗಡುವು ಎರಡು ವರ್ಷ. “ಮೂರು ವರ್ಷ ಟೈಮ್ ಐತಿ” ಅಂತ ಯಾರಾದರೂ ಹೇಳಿದರೆ ನಂಬಿ ಕೂಡಬ್ಯಾಡ್ರಿ.

ಇದರಲ್ಲಿ ಎರಡು ಮೆಟ್ಟಿಲು ಇವೆ. ಮೊದಲು ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಗೆ ಅರ್ಜಿ ಕೊಡಬೇಕು. ಅವರು ಮಾಲಕರನ್ನೂ ನಿಮ್ಮನ್ನೂ ಕರೆದು ಕೂಡಿಸಿ ಮಾತಾಡಿಸುತ್ತಾರೆ. ಅರ್ಜಿ ಕೊಟ್ಟು 45 ದಿನ ಕಳೆದರೂ ಬಗೆಹರಿಯದಿದ್ದರೆ ನೀವೇ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆ ಅರ್ಜಿ ಕೆಲಸದಿಂದ ತೆಗೆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ನಿಮ್ಮ ಅರ್ಜಿ ಯಾವ ಊರಿನ ನ್ಯಾಯಾಲಯಕ್ಕೆ ಹೋಗಬೇಕು ಎಂಬುದನ್ನು ಕಾರ್ಮಿಕ ಇಲಾಖೆಯಲ್ಲೇ ಕೇಳಿಕೊಳ್ಳಿರಿ.

ಇಲ್ಲೊಂದು ಸೂಕ್ಷ್ಮ ಇದೆ, ಗಮನ ಕೊಡ್ರಿ. ಸಂಧಾನದ 45 ದಿನಾನೂ ಈ ಎರಡು ವರ್ಷದ ಒಳಗೇ ಬರಬೇಕು. 2026ರ ಜೂನ್ 10ಕ್ಕೆ ಕೆಲಸ ಹೋಯಿತು ಅಂದ್ರ, 2028ರ ಜೂನ್ 10ರ ಒಳಗೆ ನ್ಯಾಯಮಂಡಳಿಯಲ್ಲಿ ಅರ್ಜಿ ಇರಬೇಕು. ಅದಕ್ಕೆ ಸಂಧಾನ ಅಧಿಕಾರಿಗೆ ಅರ್ಜಿ 2028ರ ಏಪ್ರಿಲ್ ಮೂರನೇ ವಾರದೊಳಗೇ ಹೋಗಿರಬೇಕು. ಜೂನ್ ತಿಂಗಳಲ್ಲಿ ಓಡಾಡಿದರೆ ಉಪಯೋಗ ಇಲ್ಲ. ತಡವಾದದ್ದನ್ನು ಮನ್ನಾ ಮಾಡುವ ಮಾತನ್ನು ಆ ಕಲಮಿನಲ್ಲಿ ಬರೆದಿಲ್ಲ. ಹೊಸ ಕಾಯ್ದೆ ಬರುವ ಮುಂಚೆಯೇ ಕೆಲಸ ಕಳಕೊಂಡವರು ತಾವೇ ಲೆಕ್ಕ ಹಾಕಿ ಕೈಬಿಡಬೇಡಿರಿ, ತಡಮಾಡದೆ ವಕೀಲರನ್ನು ಕೇಳಿರಿ.

ತಡ ಮಾಡಿದವರಿಗೆ ಏನಾಯಿತು?

ಹಳೆಯ ಕಾಯ್ದೆಯಲ್ಲಿ ಸರ್ಕಾರದ ಮೂಲಕ ವಿವಾದ ಒಪ್ಪಿಸುವ ದಾರಿಗೆ ಗಟ್ಟಿ ಗಡುವು ಇರಲಿಲ್ಲ. ಆದರೂ ತಡಕ್ಕೆ ಬೆಲೆ ಕಟ್ಟಬೇಕಾಗುತ್ತಿತ್ತು. ಪಂಜಾಬಿನ ಒಂದು ಸಹಕಾರಿ ಸಂಘದ ನೌಕರ ಕೆಲಸ ಹೋಗಿ ಏಳು ವರ್ಷದ ಮೇಲೆ ಕೇಳಿದ್ದ. 1999ರಲ್ಲಿ ಸುಪ್ರೀಂ ಕೋರ್ಟು ಅವನ ಪರವಾಗಿಯೇ ತೀರ್ಪು ಕೊಟ್ಟಿತು. ಆದರೆ ತಡಮಾಡಿದ್ದಕ್ಕೆ ಬಾಕಿ ಪಗಾರವನ್ನು 60 ಪ್ರತಿಶತಕ್ಕೆ ಇಳಿಸಿತು.

ಇನ್ನೊಂದು ನಮ್ಮ ಕರ್ನಾಟಕದ್ದೇ. ರೇಷ್ಮೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು 1985ರಲ್ಲಿ ಕೆಲಸ ಕಳಕೊಂಡರು. ವಿವಾದ ಎತ್ತಿದ್ದು 1999ರಲ್ಲಿ, ಹದಿನಾಲ್ಕು ವರ್ಷದ ನಂತರ. ಸರ್ಕಾರ ಅದನ್ನು ಕಾರ್ಮಿಕ ನ್ಯಾಯಾಲಯಕ್ಕೆ ಕಳಿಸಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2015ರಲ್ಲಿ ಅವರು ಸೋತರು. ಇಷ್ಟು ವರ್ಷ ಸುಮ್ಮನಿದ್ದ ಮೇಲೆ ಆ ವಿವಾದಕ್ಕೆ ಜೀವವೇ ಉಳಿದಿಲ್ಲ ಎಂಬುದು ಆ ತೀರ್ಪಿನ ಸಾರ.

ಯಾಕ ಹಿಂಗ? ವರ್ಷ ಕಳೆದಂತೆ ಹಾಜರಿ ಪುಸ್ತಕ ಸಿಗುವುದಿಲ್ಲ, ಜೊತೆಗೆ ದುಡಿದವರು ಬೇರೆ ಊರಿಗೆ ದುಡಿಯಾಕ ಹೋಗಿರ್ತಾರ, ಗುತ್ತಿಗೆದಾರ ಬದಲಾಗಿರ್ತಾನ. ಆಗ ಖರೆ ಹೇಳಿದರೂ ಸಾಬೀತು ಮಾಡುವುದು ಕಷ್ಟ. ಅದಕ್ಕೇ ಗಡುವು ಎರಡು ವರ್ಷ ಇದ್ದರೂ ನೀವು ಎರಡು ವಾರದೊಳಗೇ ಹೆಜ್ಜೆ ಇಡಬೇಕು.

ಇನ್ನೂ ಕಡಿಮೆ ಗಡುವು ಇರುವ ವಿಷಯಗಳು

ಹೆರಿಗೆ ರಜೆಯಲ್ಲಿ ಇದ್ದಾಗ, ಅಥವಾ ಆ ಕಾರಣಕ್ಕೇ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಅದರ ಬಗ್ಗೆ ಮೇಲ್ಮನವಿಗೆ ಇರುವುದು 60 ದಿನ ಮಾತ್ರ. ಬಾಣಂತಿತನದಲ್ಲೇ ಈ ಎರಡು ತಿಂಗಳು ಹೋಗಿಬಿಡುತ್ತವೆ. ಆಗ ಮನೆಯವರು, ಸಂಘದವರು ಮುಂದೆ ಬರಬೇಕು.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಕೊಟ್ಟರೆ, 2013ರ ಕಾಯ್ದೆಯಂತೆ ಮೂರು ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿಯವರು ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಹೇಳಿದ ಮಾತು ಕೇಳಲಿಲ್ಲ ಅಂತಲೇ ಕೆಲಸ ಬಿಡಿಸುವುದು ಉಂಟು. ಹಾಗಿದ್ದರೆ ಎರಡೂ ದೂರು ಬೇರೆ ಬೇರೆ, ಎರಡಕ್ಕೂ ಗಡುವು ಬೇರೆ.

ಬಾಕಿ ಪಗಾರಕ್ಕೆ ಮೂರು ವರ್ಷದ ಗಡುವು ಇದೆ. ಕೆಲಸದಿಂದ ತೆಗೆದರೆ ಬಾಕಿ ಪಗಾರವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ಈಗಿನ ವೇತನ ಸಂಹಿತೆ ಹೇಳುತ್ತದೆ. ಪಗಾರ ಕೊಟ್ಟರು ಅಂತ ಕೆಲಸದ ಹಕ್ಕು ಮುಗಿಯುವುದಿಲ್ಲ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವರನ್ನು ಕೆಲಸ ಕಡಿಮೆ ಆಯಿತು ಅಂತ ತೆಗೆಯಬೇಕಾದರೂ ಒಂದು ತಿಂಗಳ ನೋಟಿಸು ಇಲ್ಲವೇ ಅದರ ಪಗಾರ, ಜೊತೆಗೆ ದುಡಿದ ಒಂದೊಂದು ವರ್ಷಕ್ಕೆ 15 ದಿನದ ಪಗಾರ ಪರಿಹಾರವಾಗಿ ಕೊಡಬೇಕು.

ಒಂದು ಮಾತು ಮುಚ್ಚಿಡಬಾರದು. ಮನೆಗೆಲಸ ಮಾಡುವವರಿಗೆ ಈ ಸಂಹಿತೆ ಅನ್ವಯಿಸುವುದಿಲ್ಲ. ಮನೆಯಲ್ಲೇ ಕುಳಿತು ಸಾಹುಕಾರರ ನೂಲು ತಂದು ನೇಯುವವರು ತಾವು ಅವರ ಕಾರ್ಮಿಕರೇ ಎಂಬುದನ್ನು ಮೊದಲು ತೋರಿಸಬೇಕಾಗುತ್ತದೆ. ಹೀಗಾಗಿ ಪುರಾವೆ ಇಟ್ಟುಕೊಳ್ಳುವುದು ಅವರಿಗೆ ಇನ್ನೂ ಮುಖ್ಯ.

ಹಾಗಾದರೆ ಏನು ಮಾಡಬೇಕು?

1. “ಬರಬ್ಯಾಡ” ಅಂದ ದಿನದ ತಾರೀಖು, ಯಾರು ಹೇಳಿದರು, ಯಾರ ಎದುರಿಗೆ ಹೇಳಿದರು, ಇಷ್ಟನ್ನು ಅವತ್ತೇ ಬರೆದಿಡಿರಿ. ಬರೆಯಾಕ ಬರದಿದ್ದರೆ ಮಕ್ಕಳ ಕೈಲಿ ಬರೆಸಿರಿ.

2. ಅದೇ ವಾರದ ಸಂಘದ ಸಭೆಯಲ್ಲಿ ತಿಳಿಸಿ ನಡಾವಳಿ ಪುಸ್ತಕದಲ್ಲಿ ದಾಖಲು ಮಾಡಿಸಿರಿ. ತಾರೀಖು ಹಾಕಿ ಎಲ್ಲ ಸದಸ್ಯೆಯರು ಸಹಿ ಮಾಡಿದ ಪುಟ ನಾಳೆ ನಿಮ್ಮ ಮಾತಿಗೆ ಬಲ ಕೊಡುತ್ತದೆ.

3. ಬ್ಯಾಂಕ್ ಪಾಸ್‌ಬುಕ್, ಇಎಸ್‌ಐ ಕಾರ್ಡು, ಪಿಎಫ್ ನಂಬರು, ಗುರುತಿನ ಚೀಟಿ, ಮೊಬೈಲಿಗೆ ಬಂದ ಸಂದೇಶ ಎಲ್ಲ ಕಾಯ್ದಿಡಿರಿ. ಗುತ್ತಿಗೆದಾರನ ಹೆಸರೂ ಮಾಲಕರ ಹೆಸರೂ ಎರಡೂ ಬರೆದಿಡಿರಿ.

4. ಖಾಲಿ ಹಾಳಿ ಮೇಲೆ ಸಹಿ, ಹೆಬ್ಬೆಟ್ಟು ಹಾಕಬೇಡಿರಿ. “ನಾನೇ ಕೆಲಸ ಬಿಟ್ಟೆ” ಅಂತ ಅದರಲ್ಲಿ ಬರೆದರೆ ಪ್ರಕರಣ ಬಹಳ ಕಷ್ಟವಾಗುತ್ತದೆ.

5. “ನನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿರಿ” ಅಂತ ಮಾಲಕರಿಗೆ ಒಂದು ಪತ್ರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿರಿ. ಅವರ ಉತ್ತರಕ್ಕೆ ಕಾಯುತ್ತಾ ಕೂಡಬೇಡಿರಿ.

6. ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಶಿಕ್ಕಾ ಹಾಕಿಸಿಕೊಳ್ಳಿರಿ. 45 ದಿನದ ಲೆಕ್ಕ ಶುರುವಾಗುವುದು ಅರ್ಜಿ ಕೊಟ್ಟ ಆ ದಿನದಿಂದ. ಬಾಯಿಮಾತಿನ ದೂರಿಗೆ ಲೆಕ್ಕವಿಲ್ಲ.

“ವಕೀಲರಿಗೆ ಕೊಡಾಕ ರೊಕ್ಕ ಎಲ್ಲಿಂದ ತರೋಣ್ರಿ?” ಅಂತ ನೀವು ಕೇಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರ ಸೇವೆ ಸಿಗುತ್ತದೆ. ಬಾಗಲಕೋಟೆಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು, ತಾಲೂಕಿನ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿಯನ್ನು ಕೇಳಿರಿ. 15100 ನಂಬರಿಗೆ ಫೋನ್ ಮಾಡಿಯೂ ವಿಚಾರಿಸಬಹುದು.

ಅಕ್ಕ-ತಂಗಿಯರೇ, ಕೆಲಸ ಕಳಕೊಂಡವಳು ನಾಚಿಕೆಯಿಂದ ಮೊದಲು ಸಭೆಗೆ ಬರುವುದನ್ನು ಬಿಡುತ್ತಾಳೆ. ಕಂತು ಕಟ್ಟಲಾಗದು ಅಂತ ಮನೆಯಲ್ಲೇ ಉಳಿಯುತ್ತಾಳೆ. ಸತತ ಎರಡು ವಾರ ಒಬ್ಬಾಕೆ ಬರದಿದ್ದರೆ ಬಾಕಿ ಕೇಳಾಕ ಅಲ್ಲ, “ಏನಾತವ್ವ?” ಅಂತ ಕೇಳಾಕ ಇಬ್ಬರು ಅವಳ ಮನೆಗೆ ಹೋಗ್ರಿ. ಕಾರ್ಮಿಕ ಇಲಾಖೆಗೆ ಅವಳೊಬ್ಬಳನ್ನೇ ಕಳಿಸದೆ ಒಬ್ಬರು ಜೊತೆಗೆ ಹೋಗ್ರಿ. ಮುಂದಿನ ವಾರದ ಸಭೆಯಲ್ಲಿ ಒಂದು ಪ್ರಶ್ನೆ ಸೇರಿಸಿಕೊಳ್ಳಿರಿ: “ಈ ವಾರ ಯಾರದಾದರೂ ಕೆಲಸ ಹೋಗಿದೆಯೇ?” ಉತ್ತರವನ್ನು ತಾರೀಖಿನ ಸಮೇತ ಬರೆಯಿರಿ.