ಕಾಣದ ಚಕ್ರ, ಮೂರು ಸಲ ಬಿದ್ದ ಉದ್ರಿ

ನಮ್ಮ ಬಾಗಲವಾಡದಾಗ ಲೋಡಿಂಗ್ ಅಂದ್ರ ಲಾರಿಗೆ ಭತ್ತದ ಚೀಲ ಹೇರೋದು. ಇವತ್ತು ಮಾತಾಡ್ತಿರೋದು ಇನ್ನೊಂದು ಲೋಡಿಂಗ್ ಬಗ್ಗೆ. ಆ್ಯಪಿನಾಗ ಬಟನ್ ಒತ್ತಿದ ಮ್ಯಾಲೆ ಗಿರಗಿರ ತಿರುಗೋ ಸಣ್ಣ ಚಕ್ರ ಇರ್ತದಲ್ಲ, ಅದು. ಅದು ಕಾಣಲಿಲ್ಲ ಅಂತ ನಮ್ಮ ಮಾವನ ಅಂಗಡಿಯಾಗ ಒಬ್ಬ ರೈತರ 5,400 ರೂಪಾಯಿ ಉದ್ರಿ 16,200 ಆಯ್ತು.

ಮಾವಂದು ಗೊಬ್ಬರದ ಅಂಗಡಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ನಮ್ಮ ಕಡೆ ನಾಟಿ ಶುರು, ನಾಟಿ ಶುರುವಾದ್ರೆ ಅಂಗಡಿ ಮುಂದೆ ಜಾತ್ರೆ. ಉದ್ರಿ ಲೆಕ್ಕ ಖಾತೆ ಪುಸ್ತಕ ಬಿಟ್ಟು ಫೋನಿಗೆ ಬರಲಿ ಅಂತ ಹಟ ಹಿಡಿದವನು ನಾನೇ, ಬಿ.ಕಾಂ. ಓದಿದ ಅಳಿಯ. ಆ್ಯಪ್ ಬರೆದವನು ರಾಯಚೂರಿನಲ್ಲಿರೋ ನನ್ನ ಗೆಳೆಯ.

ಒಂದಿನ ಹಳೇ ಗಿರಾಕಿ ಕಾಕಾ ಒಬ್ಬರು ಬಂದ್ರು. "ತಮ್ಮಾ, ನಾ ಒಯ್ದದ್ದು ನಾಕು ಚೀಲ ಡಿಎಪಿ. ಹನ್ನೆರಡು ಯಾವಾಗ ಒಯ್ದೆ?" ಚೀಲಕ್ಕೆ 1,350ರ ಲೆಕ್ಕ. ಮಾವ ಫೋನ್ ತೋರಿಸಿದ್ರು. ಕಾಕಾ ಅದನ್ನ ನೋಡಲೂ ಇಲ್ಲ, ಟವೆಲ್ ಕೊಡವಿ ಎದ್ದು ಹೋದ್ರು.

ನಾನು ಲೆಕ್ಕ ತೆಗೆದು ನೋಡಿದೆ. ಒಂದೇ ಹೆಸರು, ಒಂದೇ ಮೊತ್ತ, ಒಂದೇ ನಿಮಿಷದೊಳಗೆ ಮೂರು ಸಲ. ಲೆಕ್ಕ ಓದಿದೋರು ಇಂಥದ್ದು ಕಂಡ್ರೆ ಗಿರಾಕಿ ಮ್ಯಾಲೆ ಅಲ್ಲ, ಬರೆದವರ ಕೈ ಮ್ಯಾಲೆ ಅನುಮಾನ ಪಡ್ತಾರೆ. ಅಂಗಡಿ ಹುಡುಗನ್ನ ಕೇಳಿದೆ. "ಸೇವ್ ಒತ್ತಿದೆ ಅಣ್ಣ, ಏನೂ ಆಗ್ಲಿಲ್ಲ. ಮತ್ತ ಒತ್ತಿದೆ." ಅವನದೇನು ತಪ್ಪು?

ಗೆಳೆಯ ಮಾತ್ರ ಒಪ್ಪಲಿಲ್ಲ. "ಲೋಡಿಂಗ್ ಹಾಕೀನಲೇ, ಕೋಡಿನಾಗ ಅದ ನೋಡು." ಇತ್ತು, ಖರೆ. ಆದ್ರೆ ಅವನ ಫೋನಿನಲ್ಲಿ ಇದ್ದದ್ದೇ ಹತ್ತು ಲೆಕ್ಕ. ಒತ್ತಿದ ತಕ್ಷಣ ಮುಗೀತಿತ್ತು. ಚಕ್ರ ಬಂತೋ ಇಲ್ಲೋ ಅಂತ ಯಾರೂ ನೋಡಿರಲಿಲ್ಲ.

ಮೊದಲು, ಚಕ್ರ ಮರೆಮಾಡೋ ಸಾಲನ್ನೇ ತೆಗೆದ್ವಿ. ಬಿಳಿ ಮ್ಯಾಲೆ ಬಿಳಿ ಇದ್ರೂ, ಬಟನ್ ಹಿಂದೆ ಅಡಗಿದ್ರೂ ಇದರಿಂದ ಗೊತ್ತಾಗ್ತದ. ಚಕ್ರ ಕಾಣ್ತು, ಆದ್ರೆ ತಿರುಗಲಿಲ್ಲ! ಇದರ ಹಿಂದೆ ಒಂದು ದಿನ ಹೋಯ್ತು. ಕೊನೆಗೆ ನೋಡಿದ್ರೆ, ಹಳೇ ಫೋನ್ ಫಾಸ್ಟ್ ಆಗ್ಲಿ ಅಂತ ಯಾರೋ ಡೆವಲಪರ್ ಆಪ್ಷನ್ಸ್‌ನಲ್ಲಿ ಅನಿಮೇಷನ್ ಆಫ್ ಮಾಡಿಟ್ಟಿದ್ರು. ಆನ್ ಮಾಡಿದ್ವಿ, ತಿರುಗ್ತು. ತೆಗೆದ ಸಾಲನ್ನ ವಾಪಸ್ ಹಾಕಿದ್ವಿ, ಮತ್ತೆ ಮಾಯ. ಅಂದ್ರೆ ಬಣ್ಣ, ಜಾಗ ಎಲ್ಲಾ ಸರಿ ಅದ, ತಪ್ಪಿರೋದು ಹೊತ್ತಿನಲ್ಲಿ.

ಸಾಮಾನ್ಯ ಫೋನಿನ ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಚಿತ್ರ ಬರೀತದ. ಒಂದು ಚಿತ್ರಕ್ಕೆ ಸಿಗೋದು ಸುಮಾರು 16 ಮಿಲಿಸೆಕೆಂಡ್. ಚಿತ್ರ ಬರೆಯೋನು, ನಮ್ಮ ಬೆರಳಿನ ಒತ್ತು ಕೇಳಿಸಿಕೊಳ್ಳೋನು, ಇಬ್ಬರೂ ಒಬ್ಬನೇ. ಅವನಿಗೆ ಮೇನ್ ಥ್ರೆಡ್ ಅಂತಾರೆ. ನನ್ನ ಗೆಳೆಯ ಇಡೀ ಹಂಗಾಮಿನ ಲೆಕ್ಕ ಕೂಡಿಸಿ ಬಿಲ್ಲಿನ ಪಿಡಿಎಫ್ ಮಾಡೋ ಕೆಲಸವನ್ನೂ ಅವನ ತಲೆಗೇ ಕಟ್ಟಿದ್ದ.

ಅಂಗಡಿಯಾಗ ಒಬ್ಬನೇ ಹಮಾಲ ಇದ್ದಾನ ಅನ್ನಿ. "ತಡೀರಿ ಅಂತ ಬೋರ್ಡ್ ಹಾಕು, ಚೀಲ ಹೊರು, ಬೋರ್ಡ್ ತೆಗಿ" ಅಂತ ಹೇಳ್ತೀರಿ. ಅವನೋ, ಬೋರ್ಡ್ ಮುಟ್ಟೋದು ಕೈಯಾಗಿನ ಕೆಲಸ ಮುಗಿದ ಮ್ಯಾಲೇನೇ. ಚೀಲ ಹೊತ್ತು ಬರೋದ್ರಾಗ 'ತೆಗಿ' ಅನ್ನೋದೂ ಬಂದಿರ್ತದ. ಬೋರ್ಡ್ ಹೊರಗೇ ಬರಲ್ಲ. ನಮ್ಮ ಚಕ್ರದ್ದೂ ಇದೇ ಕಥೆ. ಇನ್ನ ಆ ಎರಡು ಸೆಕೆಂಡಿನಾಗ ಹುಡುಗ ಒತ್ತಿದ್ದು ವ್ಯರ್ಥ ಆಗಿರಲಿಲ್ಲ, ಸಾಲಾಗಿ ಕಾಯ್ತಿತ್ತು. ಮೊದಲನೇದು ಮುಗಿದ ಕೂಡ್ಲೇ ಎರಡನೇದು, ಆಮೇಲೆ ಮೂರನೇದು. ಐದು ಸೆಕೆಂಡ್ ತಡ ಆಗಿದ್ರೆ 'ಆ್ಯಪ್ ಸ್ಪಂದಿಸ್ತಿಲ್ಲ' ಅಂತ ಆಂಡ್ರಾಯ್ಡೇ ಹೇಳಿರೋದು. ಎರಡು ಸೆಕೆಂಡಿಗೆ ಯಾರು ಹೇಳ್ತಾರೆ?

ಎರಡು ಸೆಕೆಂಡ್ ಏನು ಮಹಾ ಅನ್ನಬ್ಯಾಡ್ರಿ. ಒಂದು ಸೆಕೆಂಡ್ ದಾಟಿದ್ರೆ ಮನುಷ್ಯನ ಯೋಚನೆಯ ಓಟ ತುಂಡಾಗ್ತದ ಅಂತ ಯಾಕೋಬ್ ನೀಲ್ಸನ್ 1993ರಲ್ಲೇ ಬರೆದಿದ್ದಾರೆ.

ಲೆಕ್ಕದ ಕೆಲಸವನ್ನ ಬ್ಯಾಕ್‌ಗ್ರೌಂಡ್ ಥ್ರೆಡ್ಡಿಗೆ ಕೊಟ್ಟ್ವಿ. ಒತ್ತಿದ ಕ್ಷಣವೇ ಬಟನ್ ಬಂದ್. ಇಷ್ಟು ಸಾಕು ಅಂದ ಗೆಳೆಯ. ನಾನು ಬಿಡಲಿಲ್ಲ. ಬಿಲ್ ತೆರೆದಾಗಲೇ ಅದಕ್ಕೊಂದು ನಂಬರ್ ಬೀಳಬೇಕು, ಅದೇ ನಂಬರ್ ಎರಡನೇ ಸಲ ಬಂದ್ರೆ ಖಾತೆಗೆ ಏರಬಾರದು. ಚಕ್ರ ಕಣ್ಣಿಗೆ ಸಮಾಧಾನ, ಲೆಕ್ಕ ಕಾಯೋದು ಈ ನಂಬರ್. ಆಮೇಲೂ ಒಂದು ತಾಪತ್ರಯ: ಎರರ್ ಬಂದ್ರೆ ಚಕ್ರ ನಿಲ್ಲದೇ ತಿರುಗ್ತಿತ್ತು. ಗೆದ್ದರೂ ಸೋತರೂ ಚಕ್ರ ತೆಗೆಯೋ ಹಂಗ ಅದನ್ನೂ ಸರಿ ಮಾಡಿದ್ವಿ.

ಯುಪಿಐ ಮಾಡುವಾಗ ಸ್ಕ್ರೀನ್ ನಿಂತರೆ ನೀವೂ ಮತ್ತೆ ಒತ್ತಬ್ಯಾಡ್ರಿ, ಮೊದಲು ಹಿಸ್ಟರಿ ನೋಡ್ರಿ. ಒಬ್ಬರಿಗೆ ಕಳಿಸಿದ ದುಡ್ಡು ನಿಮ್ಮ ಖಾತೆಯಿಂದ ಹೋಗಿ ಅವರಿಗೆ ಮುಟ್ಟದಿದ್ರೆ ಮರುದಿನದೊಳಗೆ ವಾಪಸ್ ಬರಬೇಕು, ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು 2019ರ ಸೆಪ್ಟೆಂಬರ್‌ನ ರಿಸರ್ವ್ ಬ್ಯಾಂಕ್ ನಿಯಮ.

ಮಾವ ಕಾಕಾನ ಮನೆಗೆ ಹೋಗಿ, ಅವರ ಮುಂದೇನೇ ಎರಡು ಲೆಕ್ಕ ತೆಗೆದ್ರು. ಕಾಕಾ ಚಹಾ ಕೊಟ್ರು. ಈಗಲೂ ಅಂಗಡಿಗೆ ಬರ್ತಾರೆ. ಹುಡುಗ ಫೋನಿನಾಗ ಸೇವ್ ಒತ್ತಿದ ಮ್ಯಾಲೆ, "ಪುಸ್ತಕದಾಗೂ ಬರಿ ತಮ್ಮಾ" ಅಂತಾರೆ. ಬರೆಯೋ ತನಕ ಚೀಲ ಎತ್ತಂಗಿಲ್ಲ.