ನಟನ ಹೆಸರು ಎಲ್ಲಿಯವರೆಗೆ?



ನೀವು ರೋಣ, ನರಗುಂದ ಅಥವಾ ಗಜೇಂದ್ರಗಡದ ಕಡೆಯವರಾಗಿದ್ದರೆ ಬನಶಂಕರಿ ಜಾತ್ರೆಯ ಬಗ್ಗೆ ನಿಮಗೆ ಹೇಳಿಕೊಡಬೇಕಾದ್ದಿಲ್ಲ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಅಲ್ಲಿ ವಾರಗಟ್ಟಲೆ ನಾಟಕ ಕಂಪನಿಗಳ ಕ್ಯಾಂಪು ಇರುತ್ತದೆ. ಸುತ್ತಲಿನ ತಾಲ್ಲೂಕುಗಳ ಜನ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಬೆಳಗಿನ ಜಾವದವರೆಗೂ ನಾಟಕ ನೋಡುತ್ತಾರೆ. ಜನಪ್ರಿಯ ಹಾಸ್ಯನಟನೊಬ್ಬ ಪರದೆಯ ಮರೆಯಿಂದ ಕೆಮ್ಮಿದರೂ ಸಾಕು, ಥೇಟರೆಲ್ಲ ನಗುತ್ತದೆ. ಅದೇ ನಟ ಮರುದಿನ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಇಳಿದು ನಡೆದರೆ ಯಾರೂ ತಿರುಗಿ ನೋಡದಿರಬಹುದು. ಒಂದು ರಾತ್ರಿಯಲ್ಲಿ ಆತನ ಕಲೆ ಕುಗ್ಗಿ ಹೋಯಿತೇ? ಹೋಗಲಿಲ್ಲ. ಹಾಗಾದರೆ ಬದಲಾದದ್ದು ಏನು? ಈ ಪ್ರಶ್ನೆಯನ್ನು ಇಂದು ವಿಚಾರ ಮಾಡೋಣ.

ಮೊದಲು ನಮ್ಮವರದೇ ಒಂದು ಉದಾಹರಣೆ. ಕನ್ನಡ ಚಲನಚಿತ್ರಗಳನ್ನು ನೋಡಿ ಬೆಳೆದವರಿಗೆ ಸುಧೀರ್ ಎಂದರೆ ಖಳನಾಯಕ. ಕೊನೆಯ ದೃಶ್ಯದಲ್ಲಿ ನಾಯಕನ ಏಟು ತಿನ್ನುವ ಮನುಷ್ಯ. ಉತ್ತರ ಕರ್ನಾಟಕದ ಕಂಪನಿ ನಾಟಕಗಳ ಪ್ರೇಕ್ಷಕರಿಗಾದರೋ ಅವರು ಬ್ರಿಟಿಷರ ವಿರುದ್ಧ ಬಂಡೆದ್ದ ಸಿಂಧೂರ ಲಕ್ಷ್ಮಣ. ಅಲ್ಲಿ ಬೈಗುಳ, ಇಲ್ಲಿ ಚಪ್ಪಾಳೆ. ಮುಖ ಒಂದೇ, ಕಂಠ ಒಂದೇ, ರಾಜ್ಯವೂ ಒಂದೇ. ಆದರೆ ಹೆಸರು ಎರಡು ಬಗೆಯದು.

ಶಂಕರ್ ನಾಗ್ ಅವರನ್ನು ತೆಗೆದುಕೊಳ್ಳಿ. 1980ರಲ್ಲಿ ಬಂದ ‘ಆಟೋ ರಾಜ’ ಅವರನ್ನು ನಮ್ಮ ಆಟೋ ಚಾಲಕರ ಮನೆಯ ಮಗನನ್ನಾಗಿ ಮಾಡಿತು. ಅವರು 1990ರಲ್ಲಿ ತೀರಿಕೊಂಡ ಮೇಲೂ ಆಟೋಗಳ ಮೇಲೆ ಅವರ ಚಿತ್ರ ಉಳಿದಿದೆ. ಆದರೆ ಉತ್ತರ ಭಾರತದ ವೀಕ್ಷಕರು ಅವರನ್ನು ಬಲ್ಲದ್ದು ಬೇರೆ ದಾರಿಯಿಂದ. ಆರ್. ಕೆ. ನಾರಾಯಣ್ ಅವರ ಕಥೆಗಳನ್ನಾಧರಿಸಿ, ಆಗುಂಬೆಯಲ್ಲಿ ಚಿತ್ರೀಕರಿಸಿ, ದೂರದರ್ಶನಕ್ಕಾಗಿ ಮಾಡಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ನಿರ್ದೇಶಕರೆಂದು ಅವರಿಗೆ ಪರಿಚಯ. ಇಲ್ಲಿ ನಟ, ಅಲ್ಲಿ ನಿರ್ದೇಶಕ. ಎರಡೂ ನಿಜವೇ, ಆದರೆ ಎರಡೂ ಅರ್ಧ.

ಇದು ನಮ್ಮ ನಾಡಿನ ವಿಶೇಷವೆಂದು ತಿಳಿಯಬೇಡಿ. ಚಲನಚಿತ್ರದ ರಾಜಧಾನಿ ಎನಿಸಿದ ಅಮೆರಿಕದಲ್ಲಿಯೂ ಹೀಗೆಯೇ ಆಗಿದೆ. ಕ್ಲಿಂಟ್ ಈಸ್ಟ್‌ವುಡ್ ಎಂಬ ನಟ 1959ರಿಂದ ‘ರಾಹೈಡ್’ ಎಂಬ ಟೆಲಿವಿಷನ್ ಧಾರಾವಾಹಿಯಲ್ಲಿ ದನ ಕಾಯುವ ಯುವಕನಾಗಿ ಅಮೆರಿಕದ ಮನೆಮನೆಗೆ ಗೊತ್ತಿದ್ದರು. 1964ರಲ್ಲಿ ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ ಅವರನ್ನು ಕರೆಸಿ, ಸ್ಪೇನಿನ ಬಯಲಿನಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಚಿತ್ರ ತೆಗೆದರು. ಯುರೋಪು ಅವರನ್ನು ನಾಯಕನೆಂದು ತಲೆಯ ಮೇಲೆ ಹೊತ್ತುಕೊಂಡಿತು. ಕಥೆಯ ಹಕ್ಕಿನ ತಕರಾರೂ ಸೇರಿಕೊಂಡು ಆ ಚಿತ್ರ ಅಮೆರಿಕಕ್ಕೆ ಬಂದದ್ದು 1967ರಲ್ಲಿ. ಅಲ್ಲಿಯವರೆಗೆ ತಮ್ಮದೇ ದೇಶದ ನಟ ಹೊರಗೆ ಏನಾಗಿದ್ದಾನೆಂಬುದನ್ನು ಅಮೆರಿಕನ್ನರು ಕಣ್ಣಾರೆ ಕಂಡಿರಲಿಲ್ಲ.

ಇದಕ್ಕೆ ತಿರುವುಮುರುವಾದದ್ದು ನಮ್ಮ ಮೈಸೂರಿನ ಸಾಬು ಅವರ ಕಥೆ. 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಈ ಮಾವುತರ ಮನೆಯ ಹುಡುಗನನ್ನು ‘ಎಲಿಫೆಂಟ್ ಬಾಯ್’ ಎಂಬ ಇಂಗ್ಲಿಷ್ ಚಿತ್ರಕ್ಕೆ ಆರಿಸಿಕೊಂಡರು. ಚಿತ್ರ 1937ರಲ್ಲಿ ತೆರೆ ಕಂಡಿತು. ಮುಂದೆ 1940ರ ‘ದ ಥೀಫ್ ಆಫ್ ಬಾಗ್ದಾದ್’, 1942ರ ‘ಜಂಗಲ್ ಬುಕ್’ ಚಿತ್ರಗಳಿಂದ ಅವರ ಹೆಸರು ಹಾಲಿವುಡ್ಡಿನಲ್ಲಿ ನಿಂತಿತು. ಅಲ್ಲಿನ ಕೀರ್ತಿಪಥದ ಕಲ್ಲಿನಲ್ಲಿ ಅವರ ಹೆಸರಿನ ನಕ್ಷತ್ರವಿದೆ. 1963ರಲ್ಲಿ, 39ನೆಯ ವಯಸ್ಸಿನಲ್ಲಿ, ಅವರು ಕ್ಯಾಲಿಫೋರ್ನಿಯಾದಲ್ಲಿಯೇ ತೀರಿಕೊಂಡರು. ಅವರು ನಟಿಸಿದ ಕನ್ನಡ ಚಿತ್ರ ಒಂದೂ ಇಲ್ಲ. ನಿಮ್ಮ ತರಗತಿಯಲ್ಲಿ ಅವರ ಹೆಸರು ಕೇಳಿ ನೋಡಿ, ಎಷ್ಟು ಕೈ ಮೇಲೇಳುತ್ತವೆ?

ಹಾಗಾದರೆ ಕೀರ್ತಿಯನ್ನು ಊರಿಂದೂರಿಗೆ ಒಯ್ಯುವವರು ಯಾರು? ಮೊದಲನೆಯದು ಭಾಷೆ. ಎರಡನೆಯದು ಚಿತ್ರವನ್ನು ಕೊಂಡು ಹಂಚುವ ವ್ಯಾಪಾರ. ಮೂರನೆಯದು, ನಟನ ನೂರು ಪಾತ್ರಗಳಲ್ಲಿ ಯಾವುದು ಮೊದಲು ಗಡಿ ದಾಟಿತು ಎಂಬ ಯೋಗ. ಡಾ. ರಾಜ್‌ಕುಮಾರ್ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಒಂದು ತೆಲುಗು ಚಿತ್ರವನ್ನು ಬಿಟ್ಟರೆ ಅವೆಲ್ಲ ಕನ್ನಡದವೇ. ಕನ್ನಡಿಗರಿಗೆ ಅವರು ಅಣ್ಣಾವ್ರು. ವಿಂಧ್ಯದಾಚೆಯ ಸಾಮಾನ್ಯ ಪ್ರೇಕ್ಷಕನಿಗೆ ಅವರ ಅಭಿನಯ ತಲುಪಿದ್ದು ತೀರ ಕಡಿಮೆ. 2022ರಲ್ಲಿ ‘ಕಾಂತಾರ’ ಮೊದಲು ಕನ್ನಡದಲ್ಲಿ ಬಿಡುಗಡೆಯಾಗಿ, ಎರಡೇ ವಾರಗಳಲ್ಲಿ ಹಿಂದಿಗೆ ಡಬ್ಬಾಗಿ ಹೊರಟಿತು. ರಿಷಬ್ ಶೆಟ್ಟಿ ಅವರ ಹೆಸರು ದೇಶವೆಲ್ಲ ಹಬ್ಬಿತು. ಇದರಿಂದ ಇವರು ಅವರಿಗಿಂತ ದೊಡ್ಡ ನಟರೆಂದು ತೀರ್ಮಾನಿಸಬಹುದೇ? ಆಗದು. ರಸ್ತೆ ಅಗಲವಾಯಿತು ಎಂದಷ್ಟೇ ಹೇಳಬಹುದು.

ಹಾಗೆಂದು ಕೀರ್ತಿಗೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಹೆಸರು ಹೋದಲ್ಲಿ ಟಿಕೀಟು ಮಾರುತ್ತದೆ. ಟಿಕೀಟು ಮಾರಿದರೆ ಪರದೆ ಕಟ್ಟುವವನಿಂದ ಹಿಡಿದು ಪೇಟಿ ಬಾರಿಸುವವನವರೆಗೆ ಎಲ್ಲರ ಒಲೆ ಹೊತ್ತುತ್ತದೆ. ಆದರೆ ಹೆಸರು ಎಷ್ಟು ದೂರ ಹೋಯಿತೆಂದು ಅಳೆಯುವ ಕೋಲಿನಿಂದ ಕಲೆ ಎಷ್ಟು ಆಳವಾಗಿದೆಯೆಂದು ಅಳೆಯಬಾರದು. ಈ ತಪ್ಪು ಮಾಡಿದರೆ ಹೆಚ್ಚು ನಷ್ಟವಾಗುವುದು ಸಣ್ಣ ಊರುಗಳಿಗೆ. ನಮ್ಮೂರಿನ ನಟನನ್ನು ಹೊರಗಿನವರು ಅರಿಯರು, ಆದ್ದರಿಂದ ಆತ ಸಣ್ಣವನು ಎಂದು ನಾವೇ ನಂಬಿಬಿಡುತ್ತೇವೆ. ನಟಿಸುವ ಆಸೆಯುಳ್ಳ ಹುಡುಗ ಹುಡುಗಿಯರು ಆ ನಂಬಿಕೆಯಿಂದಲೇ ಹಿಂದೆ ಸರಿಯುತ್ತಾರೆ.

ಇನ್ನೊಂದು ಮಾತು. ಸಾಬು ಅವರನ್ನು ನಾವು ಮರೆತರೂ ಅವರ ಚಿತ್ರಗಳು ಉಳಿದಿವೆ. ಯಾವತ್ತಾದರೂ ತೆಗೆದು ನೋಡಬಹುದು. ರಂಗಭೂಮಿಯ ನಟರಿಗೆ ಆ ಭಾಗ್ಯವಿಲ್ಲ. 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರ ಬಸವಣ್ಣನ ಪಾತ್ರ ಹೇಗಿತ್ತೆಂದು ಹೇಳಬಲ್ಲವರು, ಅದನ್ನು ಎದುರಿಗೆ ಕುಳಿತು ಕಂಡ ಹಿರಿಯರು. ಅವರ ನೆನಪು ಹೋದರೆ ಆ ಪಾತ್ರವೂ ಹೋಯಿತು. ಹೆಸರು ದೊಡ್ಡದಾದ ಬಾಳಪ್ಪನವರ ಪಾಡೇ ಹೀಗಿರುವಾಗ, ನಿಮ್ಮ ಊರಿನ ದೊಡ್ಡಾಟದಲ್ಲಿ ಅರ್ಜುನನಾದವರ, ಕಂಪನಿಯಲ್ಲಿ ತಾಯಿಯ ಪಾತ್ರ ಮಾಡಿದವರ ಗತಿಯೇನು?

ಆದ್ದರಿಂದ ನಿಮಗೊಂದು ಕೆಲಸ ಹೇಳುತ್ತೇನೆ. ಈ ರಜೆಯಲ್ಲಿ ಒಂದು ನೋಟುಬುಕ್ಕು ಹಿಡಿದು ಓಣಿಯ ಹಿರಿಯರ ಹತ್ತಿರ ಕುಳಿತುಕೊಳ್ಳಿ. ಯಾವ ನಾಟಕ ನೋಡಿದಿರಿ, ಯಾವ ವರ್ಷ, ಯಾವ ಪಾತ್ರಧಾರಿ, ಯಾವ ಮಾತಿಗೆ ಜನ ಅತ್ತರು ಎಂದು ಕೇಳಿ ಬರೆದಿಡಿ. ಟ್ರಂಕಿನ ತಳದಲ್ಲಿ ಹಳೆಯ ಕರಪತ್ರ, ಫೋಟೋ ಸಿಕ್ಕರೆ ಜೋಪಾನ ಮಾಡಿ. ದೂರದ ನಟರ ಹೆಸರನ್ನು ಉಳಿಸಲು ದೊಡ್ಡ ದೊಡ್ಡ ಕಂಪನಿಗಳಿವೆ. ನಿಮ್ಮೂರಿನವರ ಹೆಸರನ್ನು ಉಳಿಸಲು ನಿಮ್ಮ ಹೊರತು ಬೇರೆ ಯಾರಿದ್ದಾರೆ?